ತೋಟದ ಲೋರಾ ಪೆಟ್ಟಿಗೆಯ ಬ್ಯಾಂಡ್‌ವಿಡ್ತ್ ಅಳೆಯೋದು ಹೇಗೆ

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಕ್ಕೆ ಬೋರ್‌ವೆಲ್ ಮೋಟಾರ್ ಆನ್-ಆಫ್ ಮಾಡುವ ಲೋರಾ (ಕಡಿಮೆ ಪವರ್‌ನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ) ಪೆಟ್ಟಿಗೆ ಕಟ್ಟುತ್ತಿದ್ದೀರಾ? ಹಾಗಿದ್ದರೆ ಅದರ ಆಕ್ಯುಪೈಡ್ ಬ್ಯಾಂಡ್‌ವಿಡ್ತ್ ಒಮ್ಮೆ ಅಳೆದುಬಿಡಿ. 865–867 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟ 2005ರ ಅಧಿಸೂಚನೆ ಕ್ಯಾರಿಯರ್‌ನ ಅಗಲಕ್ಕೆ 200 ಕಿಲೋಹರ್ಟ್ಸ್ ಮಿತಿ ಹಾಕಿತ್ತು. ಲೋರಾದ 125 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್ ಸೆಟ್ಟಿಂಗ್ ಅದರೊಳಗೆ ಆರಾಮಾಗಿ ಕೂರುತ್ತೆ. ವೇಗದ ಆಸೆಗೆ 250ಕ್ಕೆ ಏರಿಸಿದರೆ ಕೂರಲ್ಲ.

ಒಟ್ಟು ಪವರ್‌ನಲ್ಲಿ 99% ಎಷ್ಟು ಅಗಲದೊಳಗೆ ಇದೆ ಅನ್ನೋದೇ ಈ ಅಳತೆ. ಎಡಕ್ಕೆ 0.5%, ಬಲಕ್ಕೆ 0.5% ಹೊರಗೆ ಉಳಿಯುತ್ತೆ. 26 ಡಿಬಿ ಬ್ಯಾಂಡ್‌ವಿಡ್ತ್ (ತುದಿಗಿಂತ 26 ಡಿಬಿ ಕೆಳಗೆ ಸಿಗುವ ಅಗಲ) ಬೇರೆ ಲೆಕ್ಕ, ರಿಪೋರ್ಟ್‌ನಲ್ಲಿ ಎರಡನ್ನೂ ಕಲಸಬೇಡಿ.

ಅಳೆಯೋದು ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಪವರ್ ಅಂತ ಗೆರೆ (ಟ್ರೇಸ್) ಎಳೆದು ತೋರಿಸುವ ಯಂತ್ರದಲ್ಲಿ. ಆಂಟೆನಾ ಇಟ್ಟು ಗಾಳಿಯಲ್ಲಿ ಅಳೆಯೋಕೆ ಹೋಗಬೇಡಿ. ದಾವಣಗೆರೆ ಪಿ.ಬಿ. ರಸ್ತೆಯಂಥ ಕಡೆ ಮಹಡಿ ಮೇಲೆ ನಿಂತರೆ 869 ಮೆಗಾಹರ್ಟ್ಸ್‌ನಿಂದಾಚೆಗಿನ ಮೊಬೈಲ್ ಟವರ್ ಸಿಗ್ನಲ್ ಅನಲೈಸರ್‌ನ ಬಾಗಿಲಲ್ಲೇ ಕೂತಿರುತ್ತೆ. ಕೇಬಲ್‌ನಲ್ಲೇ ಅಳೆಯಿರಿ. ಲೋರಾ ಮಾಡ್ಯೂಲ್ 20 ಡಿಬಿಎಂ (ಪವರ್‌ನ ಲಾಗ್ ಅಳತೆ) ಕೊಡೋದಾದರೆ ನಡುವೆ 30 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ತುಂಡು) ಹಾಕಿ, ಒಳಕ್ಕೆ ಹೋಗೋದು -10 ಡಿಬಿಎಂ. ಮೊದಲು ಕೇಬಲ್, ಆಮೇಲೆ ಕರೆಂಟು. ಲೋಡ್ ಇಲ್ಲದೆ ಟ್ರಾನ್ಸ್‌ಮಿಟ್ ಮಾಡಿದರೆ ಪವರ್ ಆಂಪ್ಲಿಫೈಯರ್ ಸುಡಬಹುದು. ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಕನೆಕ್ಟರ್ ಒಂದಕ್ಕೊಂದು ಚೆನ್ನಾಗಿಯೇ ತಿರುಗಿ ಕೂರುತ್ತವೆ, ಆದರೆ ನಡುವಿನ ಪಿನ್ ಮುಟ್ಟಿರಲ್ಲ. ಸಿಗ್ನಲ್ ತೀರಾ ಸಣ್ಣದಾಗಿ ಕಂಡರೆ ಮೊದಲು ಅಲ್ಲೇ ನೋಡಿ.

ಅನಲೈಸರ್‌ನಲ್ಲಿ ಸೆಂಟರ್ 865.4025 ಮೆಗಾಹರ್ಟ್ಸ್, ಸ್ಪ್ಯಾನ್ (ತೆರೆಯಲ್ಲಿ ಕಾಣುವ ಒಟ್ಟು ಅಗಲ) 500 ಕಿಲೋಹರ್ಟ್ಸ್. ಆರ್‌ಬಿಡಬ್ಲ್ಯೂ (ಅನಲೈಸರ್ ಒಳಗಿನ ಅಳೆಯುವ ಫಿಲ್ಟರ್‌ನ ಅಗಲ) 3 ಕಿಲೋಹರ್ಟ್ಸ್: ಸಿಗ್ನಲ್ ಅಗಲದ 1ರಿಂದ 5% ಒಳಗಿರಬೇಕು ಅನ್ನೋದು ರೂಢಿ. 30ಕ್ಕೆ ಇಟ್ಟರೆ ಫಿಲ್ಟರ್‌ನ ಅಗಲವೇ ಸಿಗ್ನಲ್‌ಗೆ ಅಂಟಿಕೊಂಡು ಓದು ಹಿಗ್ಗುತ್ತೆ. ವಿಬಿಡಬ್ಲ್ಯೂ (ಟ್ರೇಸನ್ನು ನಯಗೊಳಿಸುವ ಫಿಲ್ಟರ್) ಆರ್‌ಬಿಡಬ್ಲ್ಯೂನ ಮೂರು ಪಟ್ಟಿಗೆ ಕಮ್ಮಿ ಬೇಡ, 10 ಕಿಲೋಹರ್ಟ್ಸ್ ಇಡಿ. ಡಿಟೆಕ್ಟರ್ ಪೀಕ್, ಟ್ರೇಸ್ ಮ್ಯಾಕ್ಸ್ ಹೋಲ್ಡ್ (ಪ್ರತಿ ಬಿಂದುವಿನ ಅತಿ ಎತ್ತರದ ಓದನ್ನು ಹಿಡಿದಿಡುತ್ತೆ). ವೇಗದ ಸೆಟ್ಟಿಂಗ್‌ನಲ್ಲಿ ಪ್ಯಾಕೆಟ್ ಹತ್ತಾರು ಮಿಲಿಸೆಕೆಂಡಲ್ಲಿ ಮುಗಿದುಹೋಗುತ್ತೆ, ಒಂದು ಸ್ವೀಪ್‌ನಲ್ಲಿ ಚೂರುಪಾರು ಮಾತ್ರ ಸಿಗುತ್ತೆ. ಹಾಗಾಗಿ ಪ್ಯಾಕೆಟ್ ಮೇಲೆ ಪ್ಯಾಕೆಟ್ ಕಳಿಸುತ್ತಾ, ಟ್ರೇಸ್‌ನ ತಲೆ ಚಪ್ಪಟೆಯಾಗಿ ಹಲ್ಲುಗಳು ಮುಚ್ಚುವ ತನಕ ಬಿಡಿ.

ಬಹಳ ಜನ ಎಡವೋದು ನಾಯ್ಸ್‌ನಲ್ಲಿ. ಸಿಗ್ನಲ್ ನಾಯ್ಸ್‌ಗಿಂತ 20 ಡಿಬಿ ಮಾತ್ರ ಮೇಲಿದೆ ಅಂದುಕೊಳ್ಳಿ. 500ರ ಸ್ಪ್ಯಾನ್‌ನಲ್ಲಿ ಸಿಗ್ನಲ್ ಆಚೆಗೆ ಉಳಿಯೋದು 375 ಕಿಲೋಹರ್ಟ್ಸ್. ಅಷ್ಟಗಲದ ನಾಯ್ಸ್ ಕೂಡಿದರೆ ಒಟ್ಟು ಪವರ್‌ನ ಸುಮಾರು 3% ಆಗುತ್ತೆ. ಹೊರಗೆ ಬಿಡಬೇಕಾದ್ದು 1% ಮಾತ್ರ, ಉಳಿದ ನಾಯ್ಸನ್ನೂ ಯಂತ್ರ ಸಿಗ್ನಲ್ ಅಂತಲೇ ಎಣಿಸುತ್ತೆ. 125 ಬರಬೇಕಾದ ಕಡೆ 370ರ ಆಸುಪಾಸು ಬಂದು ಕೂರುತ್ತೆ! ಮಾಡ್ಯೂಲ್ ಕೆಟ್ಟಿದೆ ಅಂತ ಎಸೆಯಬೇಡಿ. 30 ಡಿಬಿ ಅಂತರ ಕನಿಷ್ಠ, 40 ಇದ್ದರೆ ನಿಶ್ಚಿಂತೆ. ಇದಕ್ಕೇ ಎಸ್‌ಎಫ್12ರಲ್ಲಿ ಅಳೆಯೋದು ವಾಸಿ (ಎಸ್‌ಎಫ್ ಅಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್, ಸಂಖ್ಯೆ ದೊಡ್ಡದಾದಷ್ಟೂ ಲೋರಾ ನಿಧಾನ). ಎಸ್‌ಎಫ್7ರ ಚಿರ್ಪ್ (ಪಟ್ಟಿಯ ಒಂದು ತುದಿಯಿಂದ ಇನ್ನೊಂದಕ್ಕೆ ಜಾರುವ ಸಿಗ್ನಲ್) 125 ಕಿಲೋಹರ್ಟ್ಸನ್ನು ಒಂದು ಮಿಲಿಸೆಕೆಂಡಲ್ಲಿ ಓಡಿಬಿಡುತ್ತೆ, 3 ಕಿಲೋಹರ್ಟ್ಸ್ ಫಿಲ್ಟರ್‌ಗೆ ಪೂರ್ತಿ ಏಳೋಕೆ ಪುರುಸೊತ್ತಿಲ್ಲ, ಮಟ್ಟ 7–8 ಡಿಬಿ ಕೆಳಗೆ ಕಾಣುತ್ತೆ. ಎಸ್‌ಎಫ್12ರಲ್ಲಿ ಅದೇ ಓಟಕ್ಕೆ ಸುಮಾರು 33 ಮಿಲಿಸೆಕೆಂಡ್.

ಓಬಿಡಬ್ಲ್ಯೂ (ಆಕ್ಯುಪೈಡ್ ಬ್ಯಾಂಡ್‌ವಿಡ್ತ್) ಗುಂಡಿ ಇಲ್ಲದ ಅಗ್ಗದ ಅನಲೈಸರ್ ಆದರೂ ಪರವಾಗಿಲ್ಲ. ಟ್ರೇಸನ್ನು ಸಿಎಸ್‌ವಿ ಫೈಲಾಗಿ ತೆಗೆದು ಸ್ಪ್ರೆಡ್‌ಶೀಟಿಗೆ ಹಾಕಿ. ಡಿಬಿಎಂಗಳನ್ನು ಹಾಗೇ ಕೂಡಿಸಿದರೆ ಕಸ ಬರುತ್ತೆ. ಪ್ರತಿ ಬಿಂದುವಿನ ಡಿಬಿಎಂ ಅನ್ನು 10ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 10ರ ಮೇಲೆ ಘಾತವಾಗಿ ಇಟ್ಟು, ಅಂದರೆ 10^(ಡಿಬಿಎಂ/10), ಮಿಲಿವ್ಯಾಟ್ ಮಾಡಿ. ಎಡದಿಂದ ಕೂಡಿಸುತ್ತಾ ಬನ್ನಿ: ಮೊತ್ತ 0.5% ದಾಟಿದ ಫ್ರೀಕ್ವೆನ್ಸಿ ಒಂದು, 99.5% ದಾಟಿದ್ದು ಇನ್ನೊಂದು, ಅವುಗಳ ವ್ಯತ್ಯಾಸವೇ ಉತ್ತರ. 401 ಬಿಂದುಗಳಿದ್ದರೆ ಹೆಜ್ಜೆ 1.25 ಕಿಲೋಹರ್ಟ್ಸ್. 51 ಇದ್ದರೆ 10, ಅದು ತೀರಾ ಒರಟು.

ನಂಬುವ ಮುಂಚೆ ಇನ್ನೊಂದು ಪರೀಕ್ಷೆ. ಅನಲೈಸರ್ ಒಳಗಿನ ಅಟೆನ್ಯುಯೇಶನ್ 10 ಡಿಬಿ ಹೆಚ್ಚಿಸಿ ಮತ್ತೆ ಅಳೆಯಿರಿ. ನಾಯ್ಸ್ ಅಂತರ ಸಾಕಷ್ಟಿದ್ದೂ ಓದು ಕಿರಿದಾದರೆ, ಮೊದಲಿನದು ಓವರ್‌ಲೋಡ್ ಆಗಿ ಎದ್ದ ಸುಳ್ಳು ಭುಜಗಳ ಅಳತೆ. ಬದಲಾಗದಿದ್ದರೆ ಬರೆದುಕೊಳ್ಳಿ, ಪಕ್ಕದಲ್ಲೇ ಸ್ಪ್ಯಾನ್, ಆರ್‌ಬಿಡಬ್ಲ್ಯೂ, ಎಸ್‌ಎಫ್ ಕೂಡ.