ಭೌತಶಾಸ್ತ್ರ ಓದಿ ಬಯೋಇನ್‌ಫರ್ಮ್ಯಾಟಿಕ್ಸ್ ಅಧ್ಯಾಪಕರಾಗುವ ದಾರಿ

ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿರುವವರು, ಪಿಯುಸಿಯ ನಂತರ ಜೀವಶಾಸ್ತ್ರವನ್ನು ಕೈಬಿಟ್ಟಿದ್ದರೂ, ಜೀವಿಗಳ ಡಿಎನ್‌ಎ, ಪ್ರೋಟೀನ್ ಮಾಹಿತಿಯನ್ನು ಕಂಪ್ಯೂಟರಿನಿಂದ ವಿಶ್ಲೇಷಿಸುವ ಬಯೋಇನ್‌ಫರ್ಮ್ಯಾಟಿಕ್ಸ್ ತಮಗೆ ದಕ್ಕದೆಂದು ತಿಳಿಯಬೇಕಾಗಿಲ್ಲ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂಬ ನಕ್ಷೆಯನ್ನು 1963ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಜಿ.ಎನ್. ರಾಮಚಂದ್ರನ್ ಭೌತವಿಜ್ಞಾನಿ, ನೊಬೆಲ್ ಪುರಸ್ಕೃತ ವೆಂಕಿ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರ ಕಲಿತವರು.

ಮೊದಲು ತೀರ್ಮಾನಿಸಬೇಕಾದದ್ದು ಎಂ.ಎಸ್ಸಿ.ಯ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ಸಂಬಂಧಪಟ್ಟ ಅಥವಾ ಅದಕ್ಕೆ ಹೊಂದಿಕೊಂಡ ವಿಷಯದಲ್ಲಿ ಸಾಮಾನ್ಯವಾಗಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ಕರ್ನಾಟಕದ ಅರ್ಹತಾ ಪರೀಕ್ಷೆ) ಇರಬೇಕು. ನಿಯಮಾನುಸಾರ ಪಡೆದ ಪಿಎಚ್.ಡಿ. ಇದ್ದರೆ ನೆಟ್‌ನಿಂದ ವಿನಾಯಿತಿಯಿದೆ. ಆದರೆ ಯಾವ ವಿಷಯ ಯಾವುದಕ್ಕೆ ಹೊಂದಿಕೊಂಡದ್ದೆಂಬುದನ್ನು ನೇಮಕಾತಿ ಮಾಡುವವರೇ ನಿರ್ಧರಿಸುವುದರಿಂದ, ಎಂ.ಎಸ್ಸಿ. ಒಂದು ವಿಭಾಗದ್ದು, ಪಿಎಚ್.ಡಿ. ಇನ್ನೊಂದರದ್ದು ಆಗಿರುವ ಅಭ್ಯರ್ಥಿಯನ್ನು ಎರಡೂ ಕಡೆಯವರು ಹೊರಗಿನವರೆಂದು ಎಣಿಸುವ ಅಪಾಯವಿದೆ. ಹಾಗಿದ್ದರೂ ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮುಗಿಸಿ, ಅದೇ ವಿಷಯದಲ್ಲಿ ನೆಟ್ ಪಡೆದುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ಭೌತಶಾಸ್ತ್ರ ಕಲಿಸುವ ಪದವಿ ಕಾಲೇಜುಗಳು ಊರೂರಲ್ಲಿವೆ, ಬಯೋಇನ್‌ಫರ್ಮ್ಯಾಟಿಕ್ಸ್ ವಿಭಾಗಗಳು ಬೆರಳೆಣಿಕೆಯಷ್ಟು.

ಎಂ.ಎಸ್ಸಿ.ಯ ಎರಡು ವರ್ಷಗಳಲ್ಲಿ ಅಸಂಖ್ಯ ಕಣಗಳ ವರ್ತನೆಯನ್ನು ಸಂಭವನೀಯತೆಯಿಂದ ಲೆಕ್ಕಹಾಕುವ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸನ್ನು ಪರೀಕ್ಷೆಗೆ ಬೇಕಾದಷ್ಟಕ್ಕೆ ನಿಲ್ಲಿಸಬಾರದು. ಯಾವ ಶಕ್ತಿಯ ಸ್ಥಿತಿ ಎಷ್ಟು ಸಂಭವನೀಯವೆಂದು ಹೇಳುವ ಬೋಲ್ಟ್ಸ್‌ಮನ್ ಹಂಚಿಕೆ ಪ್ರೋಟೀನ್ ಮಡಿಕೆಯ ಲೆಕ್ಕಗಳಲ್ಲಿಯೂ, ಅನಿಶ್ಚಿತತೆಯನ್ನು ಅಳೆಯುವ ಎಂಟ್ರೋಪಿ ಡಿಎನ್‌ಎಯ ಒಂದು ಸ್ಥಾನ ಎಷ್ಟು ಬದಲಾಗದೆ ಉಳಿದಿದೆಯೆಂಬ ಅಳತೆಯಲ್ಲಿಯೂ (ಎ, ಸಿ, ಜಿ, ಟಿ ಎಂಬ ಅಕ್ಷರಗಳು ನಾಲ್ಕೇ ಆದ್ದರಿಂದ ಗರಿಷ್ಠ 2 ಬಿಟ್) ಮತ್ತೆ ಎದುರಾಗುತ್ತವೆ. ಅಣುಜೀವಶಾಸ್ತ್ರದ ಮೂಲಪಾಠಗಳು ಐಐಟಿ ಮೊದಲಾದ ಸಂಸ್ಥೆಗಳ ಆನ್‌ಲೈನ್ ಪಾಠತಾಣವಾದ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ಪೈಥಾನ್ ಮತ್ತು ಲಿನಕ್ಸ್ ಕಲಿಯಲು ಸಾಧಾರಣ ಲ್ಯಾಪ್‌ಟಾಪ್ ಸಾಕು, ಮಳೆಗಾಲದ ಶಿರಸಿಯಲ್ಲಿ ಅದರ ಬ್ಯಾಟರಿ ಮಾತ್ರ ಚೆನ್ನಾಗಿರಲಿ.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಅಘನಾಶಿನಿ ಅಳಿವೆಯಲ್ಲಿ ಸಿಗುವ ಬೆಳಚಿನಂಥ ಚಿಪ್ಪುಜೀವಿಗಳ ಸಿಒಐ ಎಂಬ (ಪ್ರಭೇದ ಗುರುತಿಸಲು ಬಳಸುವ) ವಂಶವಾಹಿಯ ಸುಮಾರು 650 ಅಕ್ಷರಗಳ ಸರಣಿಗಳನ್ನು ಜೆನ್‌ಬ್ಯಾಂಕ್ ಎಂಬ ಉಚಿತ ಡಿಎನ್‌ಎ ಮಾಹಿತಿಕೋಶದಿಂದ ಇಳಿಸಿಕೊಂಡು, 1970ರ ನೀಡಲ್‌ಮನ್–ವುನ್ಶ್ ವಿಧಾನದಿಂದ ಅವುಗಳನ್ನು ಒಂದರ ಕೆಳಗೊಂದು ಅಕ್ಷರಕ್ಕೆ ಅಕ್ಷರ ಹೊಂದಿಸುವ ಪ್ರೋಗ್ರಾಮನ್ನು ಸ್ವತಃ ಬರೆಯಿರಿ. ಸಿದ್ಧ ತಂತ್ರಾಂಶವನ್ನು ಉತ್ತರ ತಾಳೆ ನೋಡಲಷ್ಟೇ ಬಳಸಿ. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗದವರೊಡನೆ ಮಾತನಾಡಿದರೆ, ಆ ಅಕ್ಷರಗಳ ಹಿಂದಿನ ಜೀವಿಯ ಪರಿಚಯವೂ ಆಗುತ್ತದೆ.

ಪಿಎಚ್.ಡಿ.ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಮೊದಲಾದೆಡೆ ಭೌತಶಾಸ್ತ್ರದವರಿಗೂ ಅವಕಾಶವಿದೆ. ಅದಕ್ಕೆ ಮುನ್ನ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ, ಒಂದು ಪ್ರಯೋಗಾಲಯದ ನಿತ್ಯದ ಕೆಲಸವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಸಂಶೋಧನೆಯ ವರ್ಷಗಳಲ್ಲೇ ಪ್ರಾಯೋಗಿಕ ತರಗತಿಗಳನ್ನು ಕೇಳಿ ಪಡೆಯಬೇಕು. ಮುಂದೆ ನಿಮ್ಮೆದುರು ಕೂರುವವರಲ್ಲಿ ಹೆಚ್ಚಿನವರು ಗಣಿತಕ್ಕೆ ಹೆದರುವ ಜೀವಶಾಸ್ತ್ರದ ವಿದ್ಯಾರ್ಥಿಗಳು. ಅವರಿಗೆ ಸೂತ್ರದಿಂದ ಆರಂಭಿಸದೆ, ಚೌಕುಳಿ ಹಾಳೆಯ ಮೇಲೆ ಆರೇಳು ಅಕ್ಷರಗಳ ಎರಡು ಸರಣಿಗಳನ್ನು ಪೆನ್ಸಿಲಿನಿಂದ ಹೊಂದಿಸಲು ಹೇಳಿ. ಅಲ್ಗಾರಿದಮ್‌ನ ಹೆಸರು ಆಮೇಲೆ ಬಂದರೆ ಸಾಕು.