ಸಾಲು ಬರೆಯದೆ ಗ್ಯಾಂಟ್ ಚಾರ್ಟ್ ಮುಟ್ಟಬೇಡಿ

ಮೈಸೂರಲ್ಲಿ ಬಿಇ, ಬಿಸಿಎ ಮಕ್ಕಳಿಗೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವ ಯಾರನ್ನಾದರೂ ಕೇಳಿ ನೋಡಿ. ಸಿಪಿಯು ಶೆಡ್ಯೂಲಿಂಗ್, ಅಂದರೆ ಕಾದಿರುವ ಪ್ರೋಸೆಸ್ಸುಗಳಲ್ಲಿ (ಓಡಬೇಕಾದ ಪ್ರೋಗ್ರಾಮುಗಳಲ್ಲಿ) ಸಿಪಿಯು ಯಾರಿಗೆ ಯಾವಾಗ ಅನ್ನುವ ಥಿಯರಿ, ಎಲ್ಲರಿಗೂ ಬಾಯಿಪಾಠ. ಲೆಕ್ಕ ಕೊಟ್ಟರೆ ಮಾತ್ರ ಪಕ್ಕಪಕ್ಕ ಕೂತವರಿಗೇ ಬೇರೆ ಬೇರೆ ಉತ್ತರ. ಕೂಡೋದು, ಕಳೆಯೋದು ಬಿಟ್ಟರೆ ಇದರಲ್ಲಿ ಗಣಿತವೇ ಇಲ್ಲ. ಎಡವೋದು ಬೇರೆ ಕಡೆ.

1. ಒಂದೇ ಉದಾಹರಣೆ ಹಿಡಿಯಿರಿ. ಅಲ್ಗಾರಿದಮ್‌ಗಳನ್ನು ಹೋಲಿಸಬೇಕಾದರೆ ಎಲ್ಲಕ್ಕೂ ಅದೇ ಪ್ರೋಸೆಸ್‌ಗಳನ್ನು ಕೊಡಬೇಕು. ನಮ್ಮದು ಇದು: ಪಿ1 ಬರುವುದು 0ಕ್ಕೆ, ಬರ್ಸ್ಟ್ (ಅದಕ್ಕೆ ಬೇಕಾದ ಸಿಪಿಯು ಸಮಯ) 5. ಪಿ2 ಬರುವುದು 1ಕ್ಕೆ, ಬರ್ಸ್ಟ್ 3. ಪಿ3 ಬರುವುದು 2ಕ್ಕೆ, ಬರ್ಸ್ಟ್ 1. ಎಲ್ಲವೂ ಮಿಲಿಸೆಕೆಂಡಿನಲ್ಲಿ.

2. ಮೂರು ಕಳೆಯುವ ಲೆಕ್ಕ. ಮುಗಿದ ಸಮಯದಲ್ಲಿ ಬಂದ ಸಮಯ ಕಳೆದರೆ ಟರ್ನ್‌ಅರೌಂಡ್. ಅದರಲ್ಲಿ ಬರ್ಸ್ಟ್ ಕಳೆದರೆ ವೇಟಿಂಗ್. ಮೊದಲ ಸಲ ಸಿಪಿಯು ಸಿಕ್ಕ ಸಮಯದಲ್ಲಿ ಬಂದ ಸಮಯ ಕಳೆದರೆ ರೆಸ್ಪಾನ್ಸ್. ಬಂದ ಸಮಯ ಕಳೆಯೋದನ್ನು ಮರೆಯುವವರು ಜಾಸ್ತಿ. ಕ್ಲಾಸಿನ ಮೊದಲ ಉದಾಹರಣೆಯಲ್ಲಿ ಎಲ್ಲ ಪ್ರೋಸೆಸ್ಸೂ 0ಕ್ಕೇ ಬಂದಿರುತ್ತವೆ, ಅಲ್ವಾ? ಅದೇ ಅಭ್ಯಾಸ ಕೊನೇವರೆಗೂ ಬಿಡುವುದಿಲ್ಲ.

3. ಸುಲಭದವನ್ನು ಮುಗಿಸಿ. ಎಫ್‌ಸಿಎಫ್‌ಎಸ್ ಅಂದರೆ ಬಂದವರಿಗೆ ಬಂದ ಹಾಗೆ. ವೇಟಿಂಗ್ 0, 4, 6, ಸರಾಸರಿ 3.33. ಪಿ3ಗೆ ಬೇಕಿದ್ದುದು ಒಂದೇ ಮಿಲಿಸೆಕೆಂಡ್, ಕಾದದ್ದು ಆರು. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಎರಡು ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್ ಮುಂದೆ ನಿಂತರೆ ಹಿಂದಿನ ಎತ್ತಿನ ಗಾಡಿಯ ಗತಿ ಗೊತ್ತೇ ಇದೆ. ಪುಸ್ತಕಗಳು ಇದನ್ನೇ ಕಾನ್ವಾಯ್ ಎಫೆಕ್ಟ್ ಅನ್ನುತ್ತವೆ.

ಎಸ್‌ಜೆಎಫ್‌ನಲ್ಲಿ (ಚಿಕ್ಕ ಕೆಲಸ ಮೊದಲು, ಆದರೆ ಶುರುವಾದದ್ದನ್ನು ನಡುವೆ ನಿಲ್ಲಿಸುವಂತಿಲ್ಲ) ಪಿ1 ಮುಗಿದ ಮೇಲೆ ಚಿಕ್ಕದಾದ ಪಿ3, ಆಮೇಲೆ ಪಿ2. ಸರಾಸರಿ 2.67.

ಎಸ್‌ಆರ್‌ಟಿಎಫ್‌ನಲ್ಲಿ (ಕಡಿಮೆ ಕೆಲಸ ಉಳಿದದ್ದು ಮೊದಲು) ಹೊಸ ಪ್ರೋಸೆಸ್ ಬಂದಾಗಲೆಲ್ಲ ನಿಂತು ನೋಡಬೇಕು. ಹೋಲಿಸಬೇಕಾದದ್ದು ಉಳಿದ ಕೆಲಸವನ್ನು, ಮೂಲ ಬರ್ಸ್ಟನ್ನಲ್ಲ. 2ಕ್ಕೆ ಪಿ3 ಬಂದಾಗ ಪಿ2ಗೆ ಉಳಿದಿರುವುದು 2, ಆದ್ದರಿಂದ ಪಿ3 ಒಳಗೆ ಹೋಗುತ್ತದೆ. ಸರಾಸರಿ 1.67.

4. ರೌಂಡ್ ರಾಬಿನ್. ಇಲ್ಲಿ ನಿಧಾನ ಮಾಡಿ. ಇದರಲ್ಲಿ ಎಲ್ಲರಿಗೂ ಸರದಿಯಂತೆ ಸ್ವಲ್ಪ ಸ್ವಲ್ಪ ಸಿಪಿಯು. ಕ್ವಾಂಟಮ್, ಅಂದರೆ ಒಂದು ಸರದಿಗೆ ಹೆಚ್ಚೆಂದರೆ ಸಿಗುವ ಸಮಯ, 2 ಅಂತಿರಲಿ. ಬಹಳ ಜನ ನೇರ ಗ್ಯಾಂಟ್ ಚಾರ್ಟ್ (ಯಾವ ಹೊತ್ತಿಗೆ ಸಿಪಿಯು ಯಾರ ಕೈಲಿ ಅಂತ ತೋರಿಸುವ ಪಟ್ಟಿ) ಬರೆಯಲು ಕೂರುತ್ತಾರೆ. ಪಿ1, ಪಿ2, ಪಿ3, ಮತ್ತೆ ಪಿ1, ಪಿ2 ಅಂತ ಸುಮ್ನೆ ಸುತ್ತು ಹೊಡೆಸುತ್ತಾರೆ. ರೌಂಡ್ ರಾಬಿನ್ ನಡೆಯುವುದು ಹೆಸರಿನ ಕ್ರಮದಲ್ಲಲ್ಲ, ರೆಡಿ ಕ್ಯೂನ (ಸಿಪಿಯುಗೆ ಕಾದು ನಿಂತವರ ಸರದಿಯ) ಕ್ರಮದಲ್ಲಿ. ಹಾಗಾಗಿ ಚಾರ್ಟಿನ ಕೆಳಗೆ ಕ್ಯೂಗೆ ಅಂತಲೇ ಒಂದು ಸಾಲು ಬಿಡಿ. ಸಿಪಿಯು ಕೈ ಬದಲಿಸಿದಾಗಲೆಲ್ಲ ಕ್ಯೂ ಹೊಸದಾಗಿ ಬರೆಯಿರಿ. ಹಳೆಯದನ್ನು ಹೊಡೆದುಹಾಕಿ ತಿದ್ದಬೇಡಿ, ಆಮೇಲೆ ತಪ್ಪು ಎಲ್ಲಾಯಿತು ಅಂತ ಹುಡುಕಲು ಆಗುವುದಿಲ್ಲ. ಪೆನ್ಸಿಲ್ಲೇ ಇರಲಿ.

0ರಿಂದ 2ರವರೆಗೆ ಪಿ1. ನಡುವೆ 1ಕ್ಕೆ ಪಿ2 ಬಂದು ಕ್ಯೂ ಸೇರಿತು. ಈಗ 2ನೇ ಮಿಲಿಸೆಕೆಂಡ್. ಪಿ1ರ ಕ್ವಾಂಟಮ್ ಮುಗಿಯಿತು, ಅದೇ ಹೊತ್ತಿಗೆ ಪಿ3 ಬಂತು. ಕ್ಯೂನಲ್ಲಿ ಯಾರು ಮುಂದೆ? ಇಡೀ ಲೆಕ್ಕ ಕೆಡುವ ಜಾಗ ಇದೇ. ಸಾಮಾನ್ಯವಾಗಿ ಪಾಲಿಸುವ ಪದ್ಧತಿ: ಹೊಸದಾಗಿ ಬಂದದ್ದು ಮೊದಲು, ಸಿಪಿಯುನಿಂದ ಇಳಿದದ್ದು ಅದರ ಹಿಂದೆ. ಆಗ ಕ್ಯೂ ಪಿ2, ಪಿ3, ಪಿ1. ಮುಂದೆ 2ರಿಂದ 4 ಪಿ2, 4ರಿಂದ 5 ಪಿ3, 5ರಿಂದ 7 ಪಿ1, 7ರಿಂದ 8 ಪಿ2, 8ರಿಂದ 9 ಪಿ1. ವೇಟಿಂಗ್ 4, 4, 2, ಸರಾಸರಿ 3.33.

ಪಿ1ನ್ನು ಮುಂದೆ ಹಾಕಿದ್ದರೆ? ಪಿ3 ಶುರುವಾಗುವುದೇ 6ಕ್ಕೆ, ಸರಾಸರಿ 4. ಎರಡನ್ನೂ ತಪ್ಪು ಅನ್ನುವಂತಿಲ್ಲ, ಆದರೆ ಯಾವ ಪದ್ಧತಿ ಅಂತ ಉತ್ತರದ ಮೇಲೆ ಒಂದು ಸಾಲು ಬರೆದಿರಬೇಕು. ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಪಾಸಿಂಗ್ ಪ್ಯಾಕೇಜ್ ನೋಟ್ಸ್‌ಗಳಲ್ಲಿ ಒಂದು ಪುಟಕ್ಕೆ ಒಂದು ಪದ್ಧತಿ, ಮುಂದಿನ ಪುಟಕ್ಕೆ ಇನ್ನೊಂದು. ಅದಕ್ಕೆ ದುಡ್ಡು ಹಾಕಬೇಡಿ. ಆನ್‌ಲೈನ್ ಕ್ಯಾಲ್ಕುಲೇಟರ್ ತಾಳೆ ನೋಡಲು ಓಕೆ. ಕ್ಯೂ ತೋರಿಸದಿದ್ದರೆ ಅದೂ ದಂಡ.

ಇನ್ನೊಂದು ಮಾತು. ಪಿ3ರ ಕೆಲಸ 5ಕ್ಕೆ ಮುಗಿಯಿತು, ಕ್ವಾಂಟಮ್‌ನಲ್ಲಿ ಇನ್ನೂ 1 ಉಳಿದಿದೆ. ಕ್ವಾಂಟಮ್ ತುಂಬಲಿ ಅಂತ ಸಿಪಿಯು ಖಾಲಿ ಕೂರುವುದಿಲ್ಲ. ತಕ್ಷಣ ಮುಂದಿನವರು.

5. ಈಗ ಹೋಲಿಸಿ. ಎಫ್‌ಸಿಎಫ್‌ಎಸ್ ಸರಾಸರಿ 3.33, ರೌಂಡ್ ರಾಬಿನ್‌ದೂ 3.33. ಎರಡೂ ಒಂದೇ ಅಂತ ಬರೆದು ಪುಟ ತಿರುಗಿಸಿದರೆ ಹೋಲಿಸಿದ ಹಾಗೆ ಆಗಲಿಲ್ಲ. ರೆಸ್ಪಾನ್ಸ್ ನೋಡಿ: ಎಫ್‌ಸಿಎಫ್‌ಎಸ್‌ನಲ್ಲಿ 0, 4, 6. ರೌಂಡ್ ರಾಬಿನ್‌ನಲ್ಲಿ 0, 1, 2, ಸರಾಸರಿ 1. ಕೀಬೋರ್ಡ್ ಮುಂದೆ ಮನುಷ್ಯ ಕೂತಿರುವ ಕಡೆ ನಾನು ನೋಡುವುದು ಇದನ್ನೇ. ವೇಟಿಂಗ್ ಒಂದನ್ನೇ ಹಿಡಿದು ತೀರ್ಪು ಕೊಡಬೇಡಿ.

ವೇಟಿಂಗ್‌ನಲ್ಲಿ ಎಸ್‌ಆರ್‌ಟಿಎಫ್ ಗೆಲ್ಲುತ್ತದೆ ನಿಜ. ಆದರೆ ಬರ್ಸ್ಟ್ ಎಷ್ಟು ಅಂತ ಪ್ರಶ್ನೆಪತ್ರಿಕೆ ಹೇಳುತ್ತದೆ, ಪ್ರೋಗ್ರಾಮ್ ಹೇಳುವುದಿಲ್ಲ. ಹಿಂದಿನ ಬರ್ಸ್ಟ್‌ಗಳನ್ನು ನೋಡಿ ಅಂದಾಜು ಮಾಡಬೇಕು. ಚಿಕ್ಕವು ಬರುತ್ತಲೇ ಇದ್ದರೆ ದೊಡ್ಡದಕ್ಕೆ ಸರದಿಯೇ ಬರದೆ ಹೋಗಬಹುದು. ಕ್ವಾಂಟಮ್ ವಿಷಯವೂ ಹಾಗೇ: ತುಂಬ ದೊಡ್ಡದಾದರೆ ರೌಂಡ್ ರಾಬಿನ್ ಎಫ್‌ಸಿಎಫ್‌ಎಸ್ ಆಗಿಬಿಡುತ್ತದೆ, ತುಂಬ ಚಿಕ್ಕದಾದರೆ ಒಂದು ಪ್ರೋಸೆಸ್ ಇಳಿಸಿ ಇನ್ನೊಂದನ್ನು ಏರಿಸುವ ಕಾಂಟೆಕ್ಸ್ಟ್ ಸ್ವಿಚ್‌ಗೇ ಸಮಯ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಆ ಖರ್ಚನ್ನು ಸೊನ್ನೆ ಅಂದುಕೊಂಡಿದ್ದೇವೆ, ಅದನ್ನೂ ಬರೆಯಿರಿ.

ಲಿನಕ್ಸ್ ಇವುಗಳಲ್ಲಿ ಯಾವುದನ್ನು ಬಳಸುತ್ತದೆ ಅಂತ ವೈವಾದಲ್ಲಿ ಕೇಳುತ್ತಾರೆ. ಸಾಮಾನ್ಯ ಪ್ರೋಸೆಸ್‌ಗಳಿಗೆ 2007ರಿಂದ ಎಲ್ಲರಿಗೂ ನ್ಯಾಯವಾದ ಪಾಲು ಕೊಡಲು ನೋಡುವ ಸಿಎಫ್‌ಎಸ್ ಇತ್ತು. 2023ರಲ್ಲಿ ಬಂದ 6.6 ಆವೃತ್ತಿಯಿಂದ ಅದರ ಜಾಗದಲ್ಲಿ ಇಇವಿಡಿಎಫ್ ಎಂಬ ಹೊಸ ಶೆಡ್ಯೂಲರ್. ಸಿಎಫ್‌ಎಸ್ ಎಂದಷ್ಟೇ ಹೇಳಿ ನಿಲ್ಲಿಸುವವರು ಈಗಲೂ ಇದ್ದಾರೆ.

6. ಪ್ರಯಾರಿಟಿ ಲೆಕ್ಕ (ಆದ್ಯತೆಯ ಸಂಖ್ಯೆ ನೋಡಿ ಸಿಪಿಯು ಕೊಡುವುದು) ಬಂದರೆ ಮೊದಲು ನೋಡಬೇಕಾದದ್ದು ಚಿಕ್ಕ ಸಂಖ್ಯೆ ಮೇಲೋ ದೊಡ್ಡದು ಮೇಲೋ ಅಂತ. ಲಿನಕ್ಸ್‌ನ ನೈಸ್ ಬೆಲೆಯಲ್ಲಿ (ಅಲ್ಲಿ ಆದ್ಯತೆ ಹೇಳುವ ಸಂಖ್ಯೆ) -20 ಮೇಲು, 19 ಕೆಳಗೆ. ವಿಂಡೋಸ್‌ನಲ್ಲಿ 0ಯಿಂದ 31, ದೊಡ್ಡದೇ ಮೇಲು. ಪ್ರಶ್ನೆಯಲ್ಲಿ ಹೇಳಿಲ್ಲದಿದ್ದರೆ ನೀವು ಹಿಡಿದದ್ದು ಯಾವುದು ಅಂತ ಬರೆದು, ಆಮೇಲೆ ಚಾರ್ಟ್ ಶುರುಮಾಡಿ.