ಪಾಲಿಮರ್ ಕ್ಲೇ ಬಣ್ಣದಾಟ, ಕೋನ್ 6 ಮಣ್ಣಿನಲ್ಲಿ

ಸ್ಕಿನ್ನರ್ ಬ್ಲೆಂಡ್, ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ಜಾರುವ ಪಾಲಿಮರ್ ಕ್ಲೇ (ಪ್ಲಾಸ್ಟಿಕ್ ಮಣ್ಣು) ತಂತ್ರ, ನಿಜವಾದ ಮಣ್ಣಿನಲ್ಲಿ ಬರಲ್ಲ ಅಂತ ನನಗೆ ಹೇಳದವರೇ ಇಲ್ಲ. ಆರು ವರ್ಷ ಪಾಲಿಮರ್ ಕ್ಲೇ ಓಲೆ ಮಾಡಿ ಮಾರಿದವಳು ನಾನು. ನೀಲಿಯನ್ನು ಬಿಳಿಗೆ ಜಾರಿಸೋದು ನನಗೆ ಕಣ್ಣು ಮುಚ್ಚಿ ಮಾಡುವ ಕೆಲಸ. ಕಿಲ್ನ್ (ಮಣ್ಣು ಸುಡುವ ಗೂಡು) ಬಾಡಿಗೆಗೆ ಕೊಡುವವರಂತೂ, "ಅದು 130 ಡಿಗ್ರಿ ಆಟ ಮೇಡಂ, ಇದು 1220. ಸುಮ್ನೆ ಸ್ಟೇನ್ ಹಾಳು ಮಾಡ್ಬೇಡಿ" ಅಂದರು. ಸ್ಟೇನ್ ಅಂದರೆ ಮಣ್ಣಿಗೆ ಬೆರೆಸುವ ಬಣ್ಣದ ಪುಡಿ; ಆ 1220 ಡಿಗ್ರಿಯ ಸುಡುವಿಕೆಗೇ ಕೋನ್ 6 ಅನ್ನೋದು.

ಮೊದಲು ಹಾಳಾಗಿದ್ದು ಪಾಸ್ತಾ ಮೆಷಿನ್. ಪಾಲಿಮರ್ ಕ್ಲೇಯಲ್ಲಿ ಬಣ್ಣ ಬೆರೆಸೋದು ಅದರ ರೋಲರಿನಲ್ಲಿ ಮತ್ತೆ ಮತ್ತೆ ಹಾಯಿಸಿಯೇ. ನಾಲ್ಕನೇ ಸಲಕ್ಕೆ ಮಣ್ಣು ರೋಲರಿಗೆ ಅಂಟಿತು. ಎಂಟನೇ ಸಲಕ್ಕೆ ಒಣಗಿ ಅಂಚು ಹರಿಯಿತು. ನೀರು ಚಿಮುಕಿಸಿದರೆ ಮತ್ತೆ ಅಂಟು. ನಾಲ್ಕು ಸಾವಿರದ ಮೆಷಿನ್ ಈಗ ತುಕ್ಕು ಹಿಡಿದು ಕೂತಿದೆ.

ಎರಡನೇ ತಪ್ಪು ಶುದ್ಧ ದಡ್ಡತನ. ಹಸಿ ಮಣ್ಣಿನ ತೂಕಕ್ಕೆ ಶೇಕಡ 10 ಸ್ಟೇನ್ ಹಾಕಿದೆ. ಆ ಮಣ್ಣಿನಲ್ಲಿ ಕಾಲು ಭಾಗದಷ್ಟು ನೀರೇ ಅಲ್ವಾ! ಒಣ ಮಣ್ಣಿನ ಲೆಕ್ಕಕ್ಕೆ ಸ್ಟೇನ್ ಜಾಸ್ತಿಯಾಯಿತು. ನೀಲಿ ಒಂದು ಥರ ಕುಗ್ಗಿತು, ಬಿಳಿ ಇನ್ನೊಂದು ಥರ. ಹೀಗೆ ಮಾಡಿದ ಹದಿನಾಲ್ಕು ತಟ್ಟೆಯಲ್ಲಿ ಉಳಿದದ್ದು ಎರಡು. ಕಿಲ್ನ್ ಬಾಡಿಗೆ ಸೇರಿ ಒಂಬತ್ತು ಸಾವಿರ ಹೋಯಿತು.

ಆಮೇಲೆ ಹೊಳೆಯಿತು: ಬಣ್ಣ ಬೆರೆಸುವ ಕೆಲಸ ರೋಲರಿಗೆ ಯಾಕೆ, ತಕ್ಕಡಿಗೆ ಕೊಡೋಣ. ಒಂದೇ ಬಿಳಿ ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಸುಡುವ ಮಣ್ಣು), ಒಣ ತೂಕಕ್ಕೆ ಶೇಕಡ 8 ಸ್ಟೇನ್. ಅಲ್ಲಿಂದ ಸಮ ಮೆಟ್ಟಿಲು ಇಳಿಸಿದರೆ ಕೊನೆಯವರೆಗೂ ಬರೀ ನೀಲಿಯೇ ಕಾಣುತ್ತದೆ. ಅರ್ಧ ಅರ್ಧ ಇಳಿಸಬೇಕು: 8, 4, 2, 1, ಅರ್ಧ, ಕೊನೆಗೆ ಬಿಳಿ. ಎಲ್ಲವೂ ಒಂದೇ ಪ್ಲಾಸ್ಟರ್ ಹಲಗೆ ಮೇಲೆ, ಒಂದೇ ದಿನ. ಹೆಬ್ಬೆರಳು ಒತ್ತಿದರೆ ಆರೂ ಉಂಡೆಯಲ್ಲಿ ಒಂದೇ ಆಳದ ಗುಳಿ ಬೀಳಬೇಕು. ಹದ ಬೇರೆಯಾದರೆ ಸೀಳು ಗ್ಯಾರಂಟಿ.

ಆ ಆರು ಉಂಡೆಯ ಪಟ್ಟಿಗಳನ್ನು ಸ್ಲಿಪ್ (ನೀರು ಬೆರೆಸಿದ ತೆಳು ಮಣ್ಣು) ಹಚ್ಚಿ ಜೋಡಿಸಿ, ಕ್ಯಾನ್ವಾಸ್ ಮೇಲೆ ಲಟ್ಟಿಸಿ, ಪತ್ರೊಡೆ ಥರ ಸುತ್ತಿದೆ. ಸ್ಲಿಪ್‌ಗೆ ಕೆಲವರು ವಿನಿಗರ್ ಹಾಕುತ್ತಾರೆ. ನಾನು ಇನ್ನೊಂದು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಪಾಲಿಮರ್ ಥರ ಎಳೆದು ಸಣ್ಣ ಮಾಡಲು ಹೋಗಬೇಡಿ. ಸುತ್ತಲೂ ಮೆಲ್ಲಗೆ ತಟ್ಟಿ, ಅರ್ಧ ದಪ್ಪಕ್ಕೆ ನಿಲ್ಲಿಸಿ, ರಾತ್ರಿ ಪ್ಲಾಸ್ಟಿಕ್ಕಿನಲ್ಲಿ ಮಲಗಿಸಿ.

ಕೊಯ್ದಾಗ ಬಿಲ್ಲೆ ಮೇಲೆ ಬರೀ ಬೂದು ಕೊಳಕು. ಹೆದರಬೇಡಿ. ಲೆದರ್ ಹಾರ್ಡ್ (ಅರೆ ಒಣಗಿ ಚರ್ಮದಷ್ಟು ಗಟ್ಟಿ) ಆದಾಗ ಬ್ಲೇಡ್ ಎಳೆದರೆ, ಎಳೆದ ಕಡೆಯೆಲ್ಲ ಸುರುಳಿ ಎದ್ದು ಬರುತ್ತದೆ. ನನಗೆ ಈಗಲೂ ಮೈ ಜುಮ್ಮೆನ್ನುವುದು ಅಲ್ಲೇ. ಬಿಲ್ಲೆಯಿಂದ ಮಾಡಿದ ತಟ್ಟೆ ಒಣಗಿಸಲು ಹನ್ನೆರಡು ದಿನ. ನಮ್ಮ ಮಂಗಳೂರು ಮಳೆಯಲ್ಲಿ ಮೂರು ವಾರವೂ ಸಾಲದು.

ನಡುವೆ ಉಳಿತಾಯಕ್ಕೆಂದು ಸ್ಟೇನ್ ಬದಲು ಕೋಬಾಲ್ಟ್ ಕಾರ್ಬೊನೇಟ್ ಎಂಬ ರಾಸಾಯನಿಕ ಹಾಕಿ ನೋಡಿದೆ, ಶೇಕಡ 1. ಹಸಿಯಲ್ಲಿ ತಿಳಿ ನೇರಳೆ, ಸುಟ್ಟ ಮೇಲೆ ನೀಲಿ. ಚೆನ್ನಾಗಿ ಅರೆಯದೆ ಚುಕ್ಕೆ ಚುಕ್ಕೆ ಬಂತು. ಚುಕ್ಕೆಯದನ್ನೇ ಒಬ್ಬರು ಜಾಸ್ತಿ ದುಡ್ಡು ಕೊಟ್ಟು ಒಯ್ದರು! ಹೆಂಚಿನ ಕೆಂಪು ಮಣ್ಣನ್ನೂ ಸುತ್ತಿ ನೋಡಿದೆ. ಕೋನ್ 6ರಲ್ಲಿ ಹಪ್ಪಳದ ಹಾಗೆ ಉಬ್ಬಿ, ಕಿಲ್ನ್ ಶೆಲ್ಫ್‌ಗೆ ಅಂಟಿತು. ಶೆಲ್ಫಿನ ದುಡ್ಡೂ ನನ್ನದೇ.

ಹೋದ ಸಲ ಹದಿನೆಂಟರಲ್ಲಿ ಹದಿನೈದು ಸರಿ ಬಂದವು, ತಟ್ಟೆಗೆ 1,400ರ ಹಾಗೆ ಹೋದವು. ಸೀಳಿದ ಮೂರರ ಮೇಲೆ ತುಳಸಿ ಕುಂಡ ಇಟ್ಟಿದ್ದೇನೆ. ಕಿಲ್ನ್‌ನವರು ಅದರಲ್ಲೊಂದು ಕೇಳಿದ್ದಾರೆ, ಇನ್ನೂ ಕೊಟ್ಟಿಲ್ಲ.